ಪದ್ಮಿನಿ ಹತ್ತಿ ಮೂರು ಜಿಲ್ಲೆ

ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿ 1978ರ ಮಾಡೆಲ್. ಅಪ್ಪ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ಅವರ ಕಣ್ಣು ಮಂಜಾದ ಮೇಲೆ ಓಡಿಸುವವರಿಲ್ಲದೆ ತುಮಕೂರಿನ ಮನೆ ಹಿಂದಿನ ಶೆಡ್ಡಿನಲ್ಲಿ ನಿಂತುಬಿಟ್ಟಿತ್ತು. ಅದನ್ನು ಮತ್ತೆ ರಸ್ತೆಗೆ ತರಲು ವರ್ಷಗಳೇ ಹಿಡಿದವು. ಭಾನುವಾರ, ಹಬ್ಬದ ರಜೆ, ಕೆಲವೊಮ್ಮೆ ರಾತ್ರಿ ಊಟ ಆದ ಮೇಲೆ ಒಂದು ಗಂಟೆ, ಹೀಗೆ ಸಿಕ್ಕ ಹೊತ್ತಿನಲ್ಲಿ ಮಾಡಿದ ಕೆಲಸ. ಬೋರಿಂಗ್‌ಗೆ, ಅಂದರೆ ಸವೆದ ಸಿಲಿಂಡರ್ ಕೊರೆದು ಸಮ ಮಾಡಿಸಲು ಮಾತ್ರ, ಇಂಜಿನ್ ಲೇತ್ ಶಾಪಿಗೆ ಹೋಗಿತ್ತು. ಮಿಕ್ಕಿದ್ದೆಲ್ಲ ಶೆಡ್ಡಿನಲ್ಲೇ.

ಬಿಚ್ಚಿದಾಗ ಫ್ಲೋರ್ ತುಕ್ಕು ಹಿಡಿದು ಡ್ರೈವರ್ ಕಾಲ ಕೆಳಗೆ ನೆಲ ಕಾಣುತ್ತಿತ್ತು. ಹಿಂದಿನ ಸೀಟಿನ ಸ್ಪ್ರಿಂಗ್ ನಡುವೆ ಇಲಿಗಳ ಸಂಸಾರ. ವೈರಿಂಗ್ ಮುಟ್ಟಿದರೆ ಪುಡಿಪುಡಿ. ಕಿಂಗ್‌ಪಿನ್, ಬುಷ್, ವ್ಹೀಲ್ ಸಿಲಿಂಡರ್ ಕಿಟ್‌ಗೆ ಬೆಂಗಳೂರಿನ ಜೆ.ಸಿ. ರೋಡಿನ ಅಂಗಡಿ ಅಂಗಡಿ ಅಲೆದೆ. ಕೆಲವು ಸಾಮಾನು ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿದವು. ಪೆಟ್ರೋಲ್ ಪೈಪ್, ಪಂಪಿನ ಡಯಾಫ್ರಾಮ್ ಎಲ್ಲ ಹೊಸದು ಹಾಕಲೇಬೇಕಿತ್ತು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪರ್ಸೆಂಟ್‌ವರೆಗೆ ಎಥನಾಲ್ ಇರುತ್ತದೆ. ಆ ಕಾಲದ ರಬ್ಬರ್ ಅದನ್ನು ತಡೆಯುವುದಿಲ್ಲ, ಉಬ್ಬಿ ಮೆತ್ತಗಾಗುತ್ತದೆ.

ಕಾಗದಪತ್ರದ್ದು ಇನ್ನೊಂದು ಕಥೆ, ಅದನ್ನು ಎಳೆಯುವುದಿಲ್ಲ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ 5 ವರ್ಷಕ್ಕೊಮ್ಮೆ ಗಾಡಿ ತೋರಿಸಿ ರಿನ್ಯೂವಲ್ ಮಾಡಿಸಬೇಕು. 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ಅಂತ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿದೆ. ಆದರೆ ಆ ನಂಬರ್ ಪ್ಲೇಟ್ ಹಾಕಿದರೆ ದಿನನಿತ್ಯದ ಓಡಾಟಕ್ಕೆ ಕಾರು ತೆಗೆಯುವ ಹಾಗಿಲ್ಲ. ನಮ್ಮದಕ್ಕೆ ಇನ್ನೂ ಅಷ್ಟು ವಯಸ್ಸಾಗಿಲ್ಲ. ಆದ ಮೇಲೂ ನನಗೆ ಬೇಡ. ಶೋಕೇಸಿನಲ್ಲಿ ಇಡುವುದಾದರೆ ಇಷ್ಟು ಕಷ್ಟ ಯಾಕೆ?

ಎಲ್ಲ ಆದ ಮೇಲೆ ಸುಮ್ನೆ ಬಿ.ಎಚ್. ರೋಡಿನಲ್ಲಿ ಒಂದು ರೌಂಡ್ ಹೊಡೆದರೆ ಕಾರು ಸರಿಯಾಗಿದೆ ಅಂತ ಗೊತ್ತಾಗುವುದಿಲ್ಲ. ರಾತ್ರಿ ಬೇರೆ ಊರಿನಲ್ಲಿ ತಂಗುವಷ್ಟು ದೂರ ಹೋಗಬೇಕು. ತುಮಕೂರಿನಿಂದ ಮಧುಗಿರಿ, ಗೌರಿಬಿದನೂರು ಮೇಲೆ ಚಿಕ್ಕಬಳ್ಳಾಪುರ, ಅಲ್ಲಿಂದ ಕೋಲಾರದ ದೊಡ್ಡಮ್ಮನ ಮನೆ, ಹೀಗೆ ಪ್ಲಾನ್ ಹಾಕಿದೆ. ಜತೆಗೆ ಬಂದವರು ಅಕ್ಕನ ಗಂಡ, ನಮ್ಮ ಭಾವ. ಅವರು ತಂದ ಮೊದಲ ಸಾಮಾನು ಎಳೆಯುವ ಹಗ್ಗ.

ಮೊದಲ ದಿನ: ತುಮಕೂರು – ಮಧುಗಿರಿ – ವಿದುರಾಶ್ವತ್ಥ – ಚಿಕ್ಕಬಳ್ಳಾಪುರ

ಶಿವರಾತ್ರಿ ಕಳೆದಿತ್ತು. ಚಳಿ ಶಿವಶಿವಾ ಅಂತ ಹೋಗಿಯಾಗಿತ್ತು. ಆದರೂ ಬೆಳಗ್ಗೆ ಆರಕ್ಕೆ ಇಂಜಿನ್ ತಣ್ಣಗಿರುತ್ತದಲ್ಲ, ಚೋಕ್ ಎಳೆದು ಸ್ಟಾರ್ಟ್ ಮಾಡಬೇಕು. ಹಿಡಿದುಕೊಂಡಿತು. ಸ್ವಲ್ಪ ಹೊತ್ತು ಬಿಟ್ಟು ಚೋಕ್ ಅನ್ನು ನಿಧಾನವಾಗಿ ಒಳಗೆ ತಳ್ಳುತ್ತಾ ಹೋದೆ. ಐಡ್ಲಿಂಗ್ ಸದ್ದು ಮೆಲ್ಲಗೆ ಇಳಿದು ಒಂದೇ ಸಮ ಆಯಿತು. ಪಕ್ಕದ ಮನೆಯವರು ಹಾಲಿನ ಪ್ಯಾಕೆಟ್ ಹಿಡಿದು ಗೇಟಿನಲ್ಲೇ ನಿಂತರು.

ಕೊರಟಗೆರೆ ದಾರಿ ಹೊಸ ಇಂಜಿನ್ನಿಗೆ ಒಳ್ಳೆಯದು. ಅಂಥ ಏರು ಇಲ್ಲ. ಎಡಬಲ ಬಂಡೆಗುಡ್ಡ, ತೆಂಗು, ಮಧ್ಯೆ ಮಧ್ಯೆ ಹುಣಸೆ. ಹುಣಸೆ ಬಡಿಯುವ ಕಾಲ. ಮರದ ಕೆಳಗೆ ಟಾರ್ಪಾಲು ಹಾಸಿ, ಉದ್ದ ಗಳ ಹಿಡಿದು ನಿಂತಿದ್ದರು. ಬೋರಿಂಗ್ ಆದ ಇಂಜಿನ್ ಅನ್ನು ಶುರುವಿನಲ್ಲಿ ಜಾಸ್ತಿ ಒತ್ತಬಾರದು. ಹಾಗಂತ ಒಂದೇ ಸ್ಪೀಡಿನಲ್ಲೂ ಓಡಿಸಬಾರದು. 50ರ ಆಸುಪಾಸಿನಲ್ಲಿ ಏರಿಸಿ ಇಳಿಸಿ ಹೋಗುತ್ತಿದ್ದೆ. ಮುಂದಿನ ಬಾಗಿಲಿನ ತ್ರಿಕೋನದ ಗಾಜನ್ನು ಒಳಗೆ ತಿರುಗಿಸಿದರೆ ಗಾಳಿ ನೇರ ಎದೆಗೆ ಹೊಡೆಯುತ್ತದೆ. ಈಗಿನ ಕಾರಿನಲ್ಲಿ ಆ ಗಾಜನ್ನು ಯಾಕೆ ತೆಗೆದರೋ.

ಕೊರಟಗೆರೆ ದಾಟಿದ ಮೇಲೆ ಟಿಕ್ ಟಿಕ್ ಅಂತ ಸದ್ದು ಶುರುವಾಯಿತು. ಭಾವ ತಕ್ಷಣ ನನ್ನ ಮುಖ ನೋಡಿದರು.

"ಏನಪ್ಪಾ ಅದು? ಟ್ಯಾಪೆಟ್ಟಾ?"

ಕ್ಲಚ್ ಒತ್ತಿದೆ. ಇಂಜಿನ್ ಸದ್ದು ಇಳಿಯಿತು, ಟಿಕ್ ಟಿಕ್ ಹಾಗೇ ಇತ್ತು. ಕಾರು ನಿಧಾನವಾದಂತೆ ಅದೂ ನಿಧಾನವಾಯಿತು. ಅಂದರೆ ಇಂಜಿನ್ನಿನದಲ್ಲ, ಚಕ್ರದ್ದು. ಬ್ರೇಕ್ ಮುಟ್ಟಿದರೂ ಬದಲಾಗಲಿಲ್ಲ, ಆದ್ದರಿಂದ ಡ್ರಮ್ಮಿನ ಒಳಗಿನದೂ ಅಲ್ಲ. ಎಡಕ್ಕೆ ತಿರುಗಿಸಿದಾಗ, ಬಲಕ್ಕೆ ತಿರುಗಿಸಿದಾಗ ಒಂದೇ ಥರ. "ಹಿಂದಿನ ಎಡಗಡೆ ವ್ಹೀಲ್ ಕಪ್ಪಿನಲ್ಲಿ ಕಲ್ಲು ಸೇರಿದೆ ಭಾವ" ಅಂದೆ. ಸೈಡಿಗೆ ಹಾಕಿ ಸ್ಕ್ರೂಡ್ರೈವರಿನಿಂದ ಕಪ್ ಎಬ್ಬಿಸಿದರೆ ಕಡಲೆಕಾಳಿನಷ್ಟು ಜಲ್ಲಿ ಕೆಳಗೆ ಬಿತ್ತು. ಭಾವ ಅದನ್ನು ಎತ್ತಿ ನೋಡಿ ಬಿಸಾಡಿದರು, ಮಾತಾಡಲಿಲ್ಲ. ನನಗಂತೂ ಅವತ್ತಿನ ಪೆಟ್ರೋಲ್ ದುಡ್ಡು ಅಲ್ಲೇ ವಸೂಲಾಯಿತು. ಪ್ರತಿ ನಟ್ಟನ್ನೂ ಬಿಚ್ಚಿ ಕೂರಿಸಿದವನಿಗೆ ಸಿಗುವ ಸುಖ ಇದೇ. ಯಾವ ಸದ್ದು ಎಲ್ಲಿಂದ ಬರುತ್ತಿದೆ ಅಂತ ಗೊತ್ತಿರುತ್ತದೆ, ಗಾಬರಿ ಆಗುವುದಿಲ್ಲ.

ಮಧುಗಿರಿ ಹತ್ತಿರ ಬರುವಾಗ ಏಕಶಿಲಾ ಬೆಟ್ಟ ದೂರದಿಂದಲೇ ಕಾಣುತ್ತದೆ. ಊರ ಮೇಲೆ ಎದ್ದು ನಿಂತ ಒಂದೇ ಬಂಡೆ, ಅದರ ಮೈಮೇಲೆ ಕೋಟೆ ಗೋಡೆಯ ಗೆರೆ. ಹತ್ತುವ ಪ್ಲಾನ್ ಇರಲಿಲ್ಲ. ಬೆಟ್ಟದ ಕೆಳಗೆ ಕಾರು ನಿಲ್ಲಿಸಿ ಡಬ್ಬಿಯ ತಟ್ಟೆ ಇಡ್ಲಿ, ಚಟ್ನಿ ಮುಗಿಸಿ ಹೊರಟೆವು.

ಗೌರಿಬಿದನೂರು ರಸ್ತೆಯಲ್ಲಿ ಒಂದು ಕಡೆ ಹುರುಳಿ ಗಿಡ ಹರಡಿದ್ದರು. ರಸ್ತೆಯೇ ಕಣ. ಬಸ್ಸು, ಲಾರಿಗಳು ಅದರ ಮೇಲೇ ಹೋಗಿ ತುಳಿಯಲಿ ಅಂತ. ನಾನು ಅಂಚಿನಲ್ಲಿ ಮಣ್ಣಿಗೆ ಇಳಿಸಿ ಸುತ್ತಿ ಹೋದೆ. ಪದ್ಮಿನಿಯ ಇಂಜಿನ್ ಮುಂದೆ, ಓಡುವ ಚಕ್ರ ಹಿಂದೆ. ನಡುವೆ ಹೊಟ್ಟೆಯ ಕೆಳಗೆ ಪ್ರೊಪೆಲರ್ ಶಾಫ್ಟ್ ತಿರುಗುತ್ತಿರುತ್ತದೆ, ಪಕ್ಕದಲ್ಲೇ ಕಾದ ಸೈಲೆನ್ಸರ್ ಪೈಪ್. ಒಣ ಬಳ್ಳಿ ಶಾಫ್ಟಿಗೆ ಸುತ್ತಿಕೊಂಡು ಪೈಪಿಗೆ ತಾಗಿದರೆ ಬೆಂಕಿ ಹತ್ತಿಕೊಳ್ಳಬಹುದು. ರೋಡಿನ ಮೇಲೆ ಕಣ ಮಾಡಬೇಡಿ ಅಂತ ಪ್ರತಿ ವರ್ಷ ಹೇಳುತ್ತಾರೆ, ಪ್ರತಿ ವರ್ಷ ಹರಡುತ್ತಾರೆ. ಅವರಿಗೂ ಬೇರೆ ಜಾಗ ಎಲ್ಲಿದೆ ಹೇಳಿ.

ಹನ್ನೆರಡರ ಬಿಸಿಲು. ಒಂದು ರೈಲ್ವೆ ಗೇಟಿನಲ್ಲಿ ಕಾದು ನಿಂತಿದ್ದೆವು. ಗೇಟು ಎದ್ದ ಮೇಲೆ ಹೊರಟು ಸ್ವಲ್ಪ ದೂರ ಹೋಗುವುದರೊಳಗೆ ಕಾರು ಜಗ್ಗತೊಡಗಿತು. ಆಮೇಲೆ ನಿಂತೇಹೋಯಿತು. ಭಾವ ಡಿಕ್ಕಿ ಕಡೆ ತಿರುಗಿ ನೋಡಿದರು, ಹಗ್ಗ ಅಲ್ಲಿತ್ತು.

ಬಾನೆಟ್ ಎತ್ತಿದೆ. ಈ ಕಾರಿನ ಪೆಟ್ರೋಲ್ ಪಂಪ್ ಇಂಜಿನ್ನಿನ ಮೈಗೇ ಅಂಟಿಕೊಂಡಿದೆ. ಕ್ಯಾಮ್ ಶಾಫ್ಟ್ ತಿರುಗಿದಂತೆ ಅದರ ಡಯಾಫ್ರಾಮ್ ಆಡಿ, ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಕಾರ್ಬುರೇಟರಿಗೆ ಕೊಡುತ್ತದೆ. ಗಾಡಿ ಓಡುತ್ತಿದ್ದರೆ ಗಾಳಿ ಬೀಸಿ ತಣ್ಣಗಿರುತ್ತದೆ. ಕಾದ ಇಂಜಿನ್ ನಿಂತಲ್ಲೇ ನಿಂತರೆ ಪಂಪಿನೊಳಗೆ, ಪೈಪಿನೊಳಗೆ ಪೆಟ್ರೋಲ್ ಕುದ್ದು ಆವಿಯಾಗುತ್ತದೆ. ಪಂಪು ಆವಿಯನ್ನು ಎಳೆಯಲಾರದು. ಮೆಕ್ಯಾನಿಕ್‌ಗಳು ವೇಪರ್ ಲಾಕ್ ಅನ್ನುವುದು ಇದಕ್ಕೇ. ಪದ್ಮಿನಿಯ ಹಳೇ ಹೆಸರು ಫಿಯೆಟ್, ಅದನ್ನು ಓಡಿಸಿದವರಿಗೆಲ್ಲ ಇದರ ಮದ್ದು ಗೊತ್ತು. ನೀರಲ್ಲಿ ಅದ್ದಿದ ಬಟ್ಟೆ.

ಸೀಟಿನ ಕೆಳಗೆ ಇಟ್ಟಿದ್ದ ಹಳೇ ಪಂಚೆಯ ತುಂಡನ್ನು ಬಾಟಲಿ ನೀರಿನಲ್ಲಿ ನೆನೆಸಿ ಪಂಪಿಗೆ ಸುತ್ತಿದೆ. ಚುಸ್ ಅಂತ ಹಬೆ ಎದ್ದಿತು. ಇನ್ನೊಮ್ಮೆ ನೀರು ಹಾಕಿದೆ. ಭಾವ ಒಂದು ಸಿಗರೇಟು ಮುಗಿಸುವಷ್ಟು ಹೊತ್ತು ಕಾದೆವು, ಅವರು ದೂರ ಹೋಗಿ ಸೇದಿದರು. ಪಂಪಿನ ಕೆಳಗೆ ಕೈಯಿಂದ ಒತ್ತುವ ಸಣ್ಣ ಲಿವರ್ ಇದೆ. ಒತ್ತುತ್ತಾ ಹೋದೆ. ಮೊದಲು ಬೆರಳಿಗೆ ಏನೂ ತಾಗಲಿಲ್ಲ, ಆಮೇಲೆ ಬಿಗಿ ಬಂತು. ಪೆಟ್ರೋಲ್ ಬಂದಿದೆ ಅಂತ ಅರ್ಥ. ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್.

ಅಷ್ಟರಲ್ಲಿ ಬೈಕಿನಲ್ಲಿ ಬಂದಿದ್ದ ಇಬ್ಬರು ಹುಡುಗರು ನಿಂತು ವಿಡಿಯೋ ಮಾಡುತ್ತಿದ್ದರು. "ಅಣ್ಣಾ, ಕಾರಿಗೆ ಒದ್ದೆ ಬಟ್ಟೆ ಯಾಕೆ, ಜ್ವರ ಬಂದಿದ್ಯಾ?" ಅಂದ ಒಬ್ಬ. ಹೌದು ಅಂದೆ, ಇನ್ನೇನು ಹೇಳುವುದು.

ವಿದುರಾಶ್ವತ್ಥ ಗೌರಿಬಿದನೂರಿನಿಂದ ಸ್ವಲ್ಪವೇ ದೂರ, ಉತ್ತರ ಪಿನಾಕಿನಿಯ ದಡದಲ್ಲಿ. ಹಳೇ ಅಶ್ವತ್ಥ ಮರ 2001ರಲ್ಲಿ ಬಿದ್ದಿತು. ಸುತ್ತ ನೂರಾರು ನಾಗರ ಕಲ್ಲುಗಳಿವೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದು ಇಲ್ಲೇ. 30ಕ್ಕೂ ಹೆಚ್ಚು ಜನ ಸತ್ತರು ಅಂತ ಇಲ್ಲಿಯವರು ಹೇಳುತ್ತಾರೆ. ಸ್ಮಾರಕ ನೋಡಿ, ಮರದ ನೆರಳಿನಲ್ಲಿ ಕೂತು, ಬಿಸಿಲು ಇಳಿಯುವವರೆಗೆ ಇಂಜಿನ್ನಿಗೂ ರೆಸ್ಟ್ ಕೊಟ್ಟೆವು. ಮಂಚೇನಹಳ್ಳಿ ಮೇಲೆ ಚಿಕ್ಕಬಳ್ಳಾಪುರ ಸೇರುವಾಗ ಹೆಡ್‌ಲೈಟ್ ಹಾಕಬೇಕಾಯಿತು. ಲೈಟಿನ ಬಗ್ಗೆ ಕೇಳಬೇಡಿ. ಹಳದಿಯಾಗಿ, ಚೆಂದವಾಗಿ, ಏನೂ ಕಾಣದ ಹಾಗಿದೆ.

ಎರಡನೇ ದಿನ: ಮುದ್ದೇನಹಳ್ಳಿ ಮತ್ತು ನಂದಿ

ಈ ಪ್ರವಾಸದಲ್ಲಿ ನನಗೆ ಹಟ ಹಿಡಿದು ಹೋಗಬೇಕಿದ್ದ ಜಾಗ ಮುದ್ದೇನಹಳ್ಳಿ. ವಿಶ್ವೇಶ್ವರಯ್ಯನವರ ಊರು ಅಂತ ಎಲ್ಲರಿಗೂ ಗೊತ್ತು. ಕನ್ನಂಬಾಡಿ ಕಟ್ಟೆ, ಭದ್ರಾವತಿ ಕಬ್ಬಿಣದ ಕಾರ್ಖಾನೆ ಅಂತ ಸ್ಕೂಲಿನಲ್ಲಿ ಓದಿರುತ್ತೇವೆ. ಕಾರಿನ ವಿಷಯ ಮಾತ್ರ ಅಷ್ಟಾಗಿ ಯಾರೂ ಹೇಳುವುದಿಲ್ಲ.

1930ರ ದಶಕದ ಮಧ್ಯದಲ್ಲಿ, 70 ದಾಟಿದ ವಯಸ್ಸಿನಲ್ಲಿ, ಈ ದೇಶದಲ್ಲೇ ಮೋಟಾರು ಕಾರು ತಯಾರಾಗಬೇಕು ಅಂತ ಅವರು ಯೋಜನೆ ಬರೆದರು. ಯುರೋಪು, ಅಮೆರಿಕಕ್ಕೆ ಹೋಗಿ ಕಾರ್ಖಾನೆಗಳನ್ನು ನೋಡಿಕೊಂಡು ಬಂದರು. ಅದಕ್ಕೆ ಹೆಗಲು ಕೊಟ್ಟ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಬ್ರಿಟಿಷ್ ಸರ್ಕಾರಕ್ಕೆ ಆಸಕ್ತಿ ಇರಲಿಲ್ಲ, ವರ್ಷಗಟ್ಟಲೆ ಕೆಲಸ ಮುಂದೆ ಹೋಗಲಿಲ್ಲ. ಆ ಮಧ್ಯೆ ಇದೇ ವಾಲ್‌ಚಂದ್ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಶುರು ಮಾಡಿದರು, ಈಗಿನ ಎಚ್‌ಎಎಲ್. ಕಾರಿನ ಕಂಪನಿ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿದ್ದು 1944ರಲ್ಲಿ, ಮುಂಬೈಯಲ್ಲಿ. ಮೊದಲು ಅಮೆರಿಕದ ಡಾಡ್ಜ್, ಪ್ಲಿಮತ್ ಗಾಡಿಗಳನ್ನು ಜೋಡಿಸುತ್ತಿದ್ದರು. ಇಟಲಿಯ ಫಿಯೆಟ್ ಜತೆ ಒಪ್ಪಂದ ಆಮೇಲೆ ಆಯಿತು. 1964ರಿಂದ ಫಿಯೆಟ್ 1100 ಡಿಲೈಟ್ ಬಂತು. ಅದೇ ಕಾರಿಗೆ 1970ರ ದಶಕದಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಅಂತ, ನಂತರ ಪದ್ಮಿನಿ ಅಂತ ಹೆಸರಾಯಿತು.

ಹಾಗಾಗಿ ವಿಶ್ವೇಶ್ವರಯ್ಯನವರ ಸಮಾಧಿಯ ಆವರಣದ ಹೊರಗೆ ಪದ್ಮಿನಿ ನಿಲ್ಲಿಸಿದಾಗ ನನಗೆ ಏನೋ ಒಂಥರಾ ಖುಷಿ. ಆವರಣದಲ್ಲಿ ಕಸ ಗುಡಿಸುತ್ತಿದ್ದ ಅಮ್ಮ ಹತ್ತಿರ ಬಂದು "ಇದು ಅಯ್ಯನೋರ ಕಾಲದ ಕಾರಾ?" ಅಂತ ಕೇಳಿದರು. ಅವರು ತೀರಿಕೊಂಡಿದ್ದು 1962ರಲ್ಲಿ, ಕಾರು 1978ರದ್ದು. ಭಾವ ನನಗಿಂತ ಮೊದಲೇ "ಹೂಂನಮ್ಮ" ಅಂದುಬಿಟ್ಟರು. ವಿಶ್ವೇಶ್ವರಯ್ಯನವರ ಮನೆಯನ್ನೇ ಮ್ಯೂಸಿಯಂ ಮಾಡಿದ್ದಾರೆ, ಒಳಗೆ ಬಳಕೆಯ ವಸ್ತುಗಳಿವೆ. ನಿಧಾನವಾಗಿ ನೋಡಬೇಕಾದ ಜಾಗ.

ಅಲ್ಲಿಂದ ನಂದಿ. ಊರಿನ ಭೋಗ ನಂದೀಶ್ವರ ದೇವಸ್ಥಾನ 9ನೇ ಶತಮಾನದಷ್ಟು ಹಳೆಯದು. ಶಿವರಾತ್ರಿ ತೇರು ಮುಗಿದು ಬೀದಿಯಲ್ಲಿ ಇನ್ನೂ ಬಳೆ ಅಂಗಡಿ, ಬೆಂಡು ಬತ್ತಾಸಿನ ಅಂಗಡಿ ಉಳಿದಿದ್ದವು. ದರ್ಶನ ಮಾಡಿ ಬೆಟ್ಟದ ಕಡೆ ತಿರುಗಿದೆವು. ವಾರದ ನಡುವಿನ ದಿನ, ರಶ್ ಇರಲಿಲ್ಲ.

ನಂದಿ ಬೆಟ್ಟ 1,478 ಮೀಟರ್. ಈಗಿನ ಕಾರುಗಳಿಗೆ ಅದೊಂದು ಲೆಕ್ಕವೇ ಅಲ್ಲ. ನಮ್ಮದು 1,089 ಸಿಸಿ ಇಂಜಿನ್, ಅದೂ ಆಗ ತಾನೇ ಬೋರಿಂಗ್ ಆಗಿದ್ದು. ಡ್ಯಾಶ್‌ಬೋರ್ಡಿನ ಕೆಳಗೆ ನಾನೇ ಬೇರೆಯಾಗಿ ಕೂರಿಸಿದ್ದ ಟೆಂಪರೇಚರ್ ಮೀಟರಿನ ಮೇಲೆ ಒಂದು ಕಣ್ಣಿಟ್ಟೇ ಹತ್ತಿಸಿದೆ. ಮೊದಲ ತಿರುವುಗಳು ಸೆಕೆಂಡ್ ಗೇರಿನಲ್ಲಿ ಆರಾಮಾಗಿ ಹೋದವು. ಮೇಲೆ ಹೋದಂತೆ ಒಂದು ಕಡಿದಾದ ತಿರುವಿನಲ್ಲಿ ಮುಂದೆ ಮಿನಿ ಬಸ್ಸೊಂದು ತೀರಾ ನಿಧಾನ ಮಾಡಿತು. ಸೆಕೆಂಡಿನಲ್ಲಿ ಎಳೆಯಲಾರದೆ ಇಂಜಿನ್ ಗುಡುಗತೊಡಗಿತು. ಫಸ್ಟ್ ಬೇಕು.

ಈ ಕಾರಿನ ಕಷ್ಟ ಇಲ್ಲೇ ಇರುವುದು. ಸ್ಟೇರಿಂಗ್ ಪಕ್ಕದ ಹ್ಯಾಂಡ್ ಗೇರು, ನಾಲ್ಕು ಗೇರು. ಮೇಲಿನ ಮೂರಕ್ಕೆ ಗೇರಿನ ವೇಗ ತಾನೇ ಹೊಂದಿಸುವ ಸಿಂಕ್ರೊ ಇದೆ, ಫಸ್ಟಿಗೆ ಇಲ್ಲ. ಓಡುತ್ತಿರುವಾಗ ಫಸ್ಟಿಗೆ ಹಾಕಲು ಹೋದರೆ ಹಲ್ಲು ಹಲ್ಲು ತಿಕ್ಕಿ ಕರ್ರ್ ಅನ್ನುತ್ತದೆ. ಡಬಲ್ ಕ್ಲಚ್ ಮಾಡಬೇಕು. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಡಬೇಕು. ಅಕ್ಸಲರೇಟರ್ ಒಂದು ಸಲ ತುಳಿದು ಇಂಜಿನ್ ಎಬ್ಬಿಸಬೇಕು. ಮತ್ತೆ ಕ್ಲಚ್ ಒತ್ತಿ ಫಸ್ಟಿಗೆ ತಳ್ಳಬೇಕು. ಇಷ್ಟೆಲ್ಲ ಆಗುವುದರೊಳಗೆ ಏರಿನಲ್ಲಿ ಕಾರು ನಿಲ್ಲಬಾರದು. ಅಪ್ಪ ಇದನ್ನು ಬಾಯಲ್ಲಿ ವೀಳ್ಯದೆಲೆ ಹಾಕಿಕೊಂಡು ಮಾಡುತ್ತಿದ್ದರು.

ಮಾಡಿದೆ. ಲಿವರ್ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಸದ್ದೇ ಇಲ್ಲ. ಇಂಜಿನ್ ಒಮ್ಮೆ ಉಸಿರೆಳೆದು ಕಾರನ್ನು ತಿರುವಿನ ಮೇಲಕ್ಕೆ ಎತ್ತಿತು. ಭಾವ ಕರ್ರ್ ಸದ್ದಿಗೆ ಕಾಯುತ್ತಾ ಹಲ್ಲು ಕಚ್ಚಿ ಕೂತಿದ್ದರು. "ಬಿತ್ತಾ?" ಅಂದರು. "ಬಿತ್ತು." ಆ ಗೇರ್ ಬಾಕ್ಸನ್ನು ಶೆಡ್ಡಿನ ನೆಲದ ಮೇಲೆ ಬಿಚ್ಚಿ, ಪೇಪರ್ ಹಾಸಿ, ಒಂದೊಂದು ಬೇರಿಂಗ್ ಸೀಮೆಎಣ್ಣೆಯಲ್ಲಿ ತೊಳೆದು ಸಾಲಾಗಿ ಇಟ್ಟಿದ್ದೆ. ಆ ರಾತ್ರಿಗಳೆಲ್ಲ ಆ ಒಂದು ತಿರುವಿನಲ್ಲಿ ವಾಪಸ್ ಬಂದವು.

ಮೇಲೆ ಗಾಳಿ ತಂಪಾಗಿತ್ತು. ಟಿಪ್ಪು ಡ್ರಾಪ್ ನೋಡಿದ್ದಾಯಿತು, ಮಂಗಗಳ ಕಾಟ ಎಂದಿನಂತೆ. ನಾನು ಹೆಚ್ಚು ಹೊತ್ತು ಕಾರಿನ ಹತ್ತಿರವೇ ಇದ್ದೆ. ರೇಡಿಯೇಟರಿನ ಕೆಳಗೆ ಒಂದು ಹನಿ ಇರಲಿಲ್ಲ. ಕಾದ ರೇಡಿಯೇಟರಿನ ಮುಚ್ಚಳ ಬಿಚ್ಚಿ ನೋಡುವ ಆಸೆ ಆಗುತ್ತದೆ, ಅದನ್ನು ಮಾತ್ರ ಮಾಡಬಾರದು, ಕೈ ಮುಖ ಸುಟ್ಟುಹೋಗುತ್ತದೆ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಸುಮ್ನೆ ಬ್ರೇಕ್ ತುಳಿಯುತ್ತಾ ಬಂದರೆ ಡ್ರಮ್ ಕಾದು ಹಿಡಿತವೇ ಹೋಗುತ್ತದೆ. ಹತ್ತಿದ ಗೇರಿನಲ್ಲೇ ಇಳಿ ಅನ್ನುವುದು ಹಳೇ ಡ್ರೈವರುಗಳ ನಿಯಮ. ಸೆಕೆಂಡಿನಲ್ಲೇ ಇಳಿದೆ. ಹಿಂದೆ ಬಂದ ದೊಡ್ಡ ಎಸ್‌ಯುವಿಯವನು ಹಾರ್ನ್ ಒತ್ತಿದ್ದೇ ಒತ್ತಿದ್ದು. ಒತ್ತಲಿ ಬಿಡಿ.

ಕೆಳಗೆ ಬಂದು ಒಂದೊಂದು ಚಕ್ರದ ಹತ್ತಿರ ಕೈ ಹಿಡಿದು ನೋಡಿದೆ. ಬಲಗಡೆ ಹಿಂದಿನ ಡ್ರಮ್ ಮಿಕ್ಕವಕ್ಕಿಂತ ಜಾಸ್ತಿ ಬಿಸಿ. ಬ್ರೇಕ್ ಶೂ ಪೂರ್ತಿ ವಾಪಸ್ ಬರುತ್ತಿಲ್ಲ ಅಂತ ಕಾಣುತ್ತದೆ. ಅಡ್ಜಸ್ಟರನ್ನು ಸ್ವಲ್ಪ ಸಡಿಲ ಮಾಡಿದೆ. ದಾರಿಬದಿಯಲ್ಲಿ ದಿಲ್‌ಖುಷ್ ದ್ರಾಕ್ಷಿ ಮಾರುತ್ತಿದ್ದರು. ದೊಡ್ಡಮ್ಮನಿಗೆ ಅಂತ ಒಂದು ಬಾಕ್ಸ್ ತಗೊಂಡೆವು, ಅರ್ಧ ಅಲ್ಲೇ ಖಾಲಿ ಆಯಿತು.

ಮೂರನೇ ದಿನ: ಶಿಡ್ಲಘಟ್ಟ – ಚಿಂತಾಮಣಿ – ಕೋಲಾರ

ಶಿಡ್ಲಘಟ್ಟದ ಕಡೆ ಹೋಗುವಾಗ ರೇಷ್ಮೆ ಗೂಡಿನ ಚೀಲ ಹೊತ್ತ ಟೆಂಪೊಗಳು ಮಾರ್ಕೆಟ್ಟಿಗೆ ಹೊರಟಿದ್ದವು. ರಸ್ತೆ ಚೆನ್ನಾಗಿತ್ತು, ಕಾರು ಚೆನ್ನಾಗಿತ್ತು, ಬರೆಯುವುದಕ್ಕೆ ಏನೂ ಇಲ್ಲ. ಇಂಥ ದಿನಕ್ಕಾಗಿಯೇ ಅಲ್ವಾ ಅಷ್ಟು ದುಡಿದಿದ್ದು.

ಚಿಂತಾಮಣಿಯಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಒಬ್ಬ ಹಿರಿಯರು ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. ಪೇಂಟ್ ನೋಡಲಿಲ್ಲ, ಬಗ್ಗಿ ಅಡಿಯಲ್ಲಿ ಎಣ್ಣೆ ಸೋರುತ್ತಿದೆಯಾ ಅಂತ ನೋಡಿದರು. ಆಗಲೇ ಗೊತ್ತಾಯಿತು, ಇವರು ಕೆಲಸ ಬಲ್ಲವರು. ಹಿಂದೆ ಚಿಂತಾಮಣಿ–ಬೆಂಗಳೂರು ಟ್ಯಾಕ್ಸಿ ಓಡಿಸುತ್ತಿದ್ದರಂತೆ, ಇದೇ ಪದ್ಮಿನಿ.

"ಕೂತ್ಕೊಳ್ಳಿ ಯಜಮಾನ್ರೆ" ಅಂದೆ. ಡ್ರೈವರ್ ಸೀಟಿನಲ್ಲಿ ಕೂತರು. ಕಾಲು ಕ್ಲಚ್ಚಿನ ಮೇಲೆ, ಕೈ ನೋಡದೆಯೇ ಗೇರ್ ಲಿವರಿಗೆ ಹೋಯಿತು. ಒಂದು, ಎರಡು, ಮೂರು, ನಾಲ್ಕು ಅಂತ ಹಾಕಿ ನೋಡಿದರು. ಆಮೇಲೆ ಸ್ಟಾರ್ಟ್ ಮಾಡಿಸಿ, ತಲೆ ಓರೆ ಮಾಡಿ ಕೇಳಿಸಿಕೊಂಡು, "ಪಾಯಿಂಟ್ ಗ್ಯಾಪ್ ಸ್ವಲ್ಪ ಕಮ್ಮಿ ಮಾಡಪ್ಪ" ಅಂದರು. ಪ್ಲಗ್ಗಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಒಳಗಿನ ಸಂದು ಅದು, ನಾನು ಫೀಲರ್ ಗೇಜ್ ಅನ್ನುವ ಅಳತೆ ಪಟ್ಟಿ ಹಾಕಿ ಸೆಟ್ ಮಾಡಿದ್ದು. ಸರಿ, ಹಿರಿಯರ ಮಾತು ಅಂತ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಅಳೆದೆ. ದಾರಿಯ ಕುಲುಕಾಟಕ್ಕೆ ಸ್ಕ್ರೂ ಸಡಿಲವಾಗಿ ಗ್ಯಾಪ್ ದೊಡ್ಡದಾಗಿತ್ತು. ಸರಿ ಮಾಡಿದ ಮೇಲೆ ಐಡ್ಲಿಂಗ್ ಇನ್ನೂ ಒಂದು ಮಟ್ಟ ಮೆತ್ತಗಾಯಿತು. ಅವರು ಟವೆಲಿನಲ್ಲಿ ಕೈ ಒರೆಸಿಕೊಂಡು ಟೀಗೆ ದುಡ್ಡು ಕೊಡಲು ಬಿಡದೆ ತಾವೇ ಕೊಟ್ಟರು. ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟ ಸುದ್ದಿ ಅವರಿಗೂ ಗೊತ್ತಿತ್ತು. "ಬೊಂಬಾಯಿನಾಗೂ ಹೋಯ್ತಂತೆ" ಅಂದರು.

ಕೋಲಾರ ಸೇರುವಾಗ ಟೊಮ್ಯಾಟೊ ಕ್ರೇಟ್ ತುಂಬಿದ ಗಾಡಿಗಳ ಸಾಲು. ದೊಡ್ಡಮ್ಮ ಬಾಗಿಲಲ್ಲೇ ನಿಂತು ಕಾರು ನೋಡಿದರು. "ಹಿಂದಿನ ಡೋರು ಈಗಲಾದ್ರೂ ಮೆತ್ತಗೆ ಹಾಕೊಳ್ಳುತ್ತೇನೋ?" ಅನ್ನುವುದು ಅವರ ಮೊದಲ ಪ್ರಶ್ನೆ. ಹೊಸ ಲಾಕ್ ಹಾಕಿದ್ದೇನೆ, ರಬ್ಬರ್ ಬೀಡಿಂಗ್ ಹಾಕಿದ್ದೇನೆ, ಆದರೂ ಎಳೆದು ಬಡಿದರೇ ಕೂರುವುದು. ಬಡಿದು ತೋರಿಸಿದೆ. "ಹಾಗಾದ್ರೆ ಅದೇ ಕಾರು" ಅಂದರು. ರಾತ್ರಿ ಮುದ್ದೆ, ಉಪ್ಸಾರು.

ನಾಲ್ಕನೇ ದಿನ: ವಾಪಸ್

ಬೆಳಗ್ಗೆ ಅಂತರಗಂಗೆಗೆ ಹೋಗಿ, ಬಸವನ ಬಾಯಿಂದ ಬೀಳುವ ನೀರು ಕುಡಿದು ಹೊರಟೆವು. ಬೆಂಗಳೂರಿನೊಳಗೆ ಸಿಕ್ಕಿಕೊಳ್ಳುವುದು ಬೇಡ ಅಂತ ಹೊಸಕೋಟೆಯಲ್ಲಿ ಸ್ಯಾಟಲೈಟ್ ರಿಂಗ್ ರೋಡ್ ಹಿಡಿದೆ. ದೇವನಹಳ್ಳಿ, ದೊಡ್ಡಬಳ್ಳಾಪುರ ಬಳಸಿಕೊಂಡು ದಾಬಸ್‌ಪೇಟೆಗೆ ಬಿಡುತ್ತದೆ. ರಸ್ತೆ ಅಗಲ, ನುಣುಪು, ಪದ್ಮಿನಿಗೆ ಮಾತ್ರ ಬೋರು. ಎಡಗಡೆ ಲೇನ್ ಹಿಡಿದು 60ರಲ್ಲಿ ಹೋಗುತ್ತಿದ್ದರೆ ಪಕ್ಕದಲ್ಲಿ ಕಂಟೇನರ್ ಲಾರಿ ದಾಟಿದಾಗಲೆಲ್ಲ ಇಡೀ ಕಾರು ಒಂದು ಸಲ ಅಲುಗುತ್ತದೆ.

ಟೋಲಿನಲ್ಲಿ ಫಾಸ್ಟ್ಯಾಗ್ ಓದಿಕೊಂಡು ಗೇಟು ಎದ್ದಾಗ ಬೂತಿನ ಹುಡುಗಿಗೆ ಆಶ್ಚರ್ಯ. "ಸಾರ್, ಇದಕ್ಕೂ ಫಾಸ್ಟ್ಯಾಗ್ ಇದೆಯಾ?" ಹಿಂದಿನವರು ಹಾರ್ನ್ ಹೊಡೆಯುವವರೆಗೂ ಕಾರಿನ ಬೆಲೆ ಕೇಳುತ್ತಿದ್ದಳು. ಎಷ್ಟು ಖರ್ಚಾಯಿತು ಅಂತ ಭಾವನೂ ಆಗಲೇ ಕೇಳಿದರು. ಬಿಲ್ಲುಗಳೆಲ್ಲ ಒಂದು ಬಿಸ್ಕೆಟ್ ಡಬ್ಬಿಯಲ್ಲಿವೆ, ಕೂಡಿಸಿ ನೋಡಿಲ್ಲ, ನೋಡುವ ಉದ್ದೇಶವೂ ಇಲ್ಲ ಅಂದೆ. ಅಕ್ಕನಿಗೆ ಮಾತ್ರ ಹೇಳಬೇಡಿ ಅಂತಲೂ ಅಂದೆ.

ಕ್ಯಾತ್ಸಂದ್ರದಲ್ಲಿ ಊಟಕ್ಕೆ ಬದಲು ಮತ್ತೆ ತಟ್ಟೆ ಇಡ್ಲಿ. ಮನೆಗೆ ಬಂದು ಇಂಜಿನ್ ಆರಿದ ಮೇಲೆ ಡಿಪ್‌ಸ್ಟಿಕ್ ಎಳೆದು ನೋಡಿದೆ. ಆಯಿಲ್ ಸ್ವಲ್ಪ ಇಳಿದಿತ್ತು, ಹೊಸ ಪಿಸ್ಟನ್ ರಿಂಗ್ ಕೂರುವವರೆಗೆ ಅಷ್ಟು ಇಳಿಯುವುದು ಸಹಜ. ಬಲಗಡೆ ಹಿಂದಿನ ಡ್ರಮ್ ಬಿಚ್ಚಿ ಸ್ಪ್ರಿಂಗ್ ನೋಡಬೇಕು. ಪೆಟ್ರೋಲ್ ಪಂಪಿಗೆ ಬಿಸಿ ತಾಗದ ಹಾಗೆ ಒಂದು ತಗಡು ಅಡ್ಡ ಕೊಡಬೇಕು. ಹೆಡ್‌ಲೈಟಿಗೆ ರಿಲೇ ಹಾಕಿದರೆ ಬೆಳಕು ಜಾಸ್ತಿ ಆಗುತ್ತದೆ ಅಂತ ಚಿಂತಾಮಣಿಯ ಯಜಮಾನರು ಹೇಳಿದ್ದಾರೆ, ಅದನ್ನೂ ಮಾಡಬೇಕು. ಮಳೆ ಬಿದ್ದು ಬಿಸಿಲು ಇಳಿದ ಮೇಲೆ ಶಿರಾ, ಪಾವಗಡ ಕಡೆ ಹೋಗುವುದು ಅಂತ ಮಾತಾಗಿದೆ. ಹಗ್ಗವನ್ನು ಭಾವ ನಮ್ಮ ಡಿಕ್ಕಿಯಲ್ಲೇ ಬಿಟ್ಟು ಹೋಗಿದ್ದಾರೆ.